ಮೆಟ್ಟಿಲ ಮೇಲೆ ಕಾದು ಕೂತವರು: ಮೈಸೂರಿನ ಯೋಗಶಾಲೆಗೆ ಬಂದುಹೋದವರ ನೆನಪುಗಳು

ಮೈಸೂರಿಗೆ ಯೋಗ ಕಲಿಯಲು ಬಂದುಹೋದ ಪರದೇಶದವರು ಬರೆದದ್ದು, ಹೇಳಿದ್ದು ಸಾಕಷ್ಟಿದೆ. ಒಂದರ ಹಿಂದೊಂದು ಓದುತ್ತ ಹೋದರೆ ಆಸನಗಳ ಮಾತಿಗಿಂತ ಬೇರೆ ಮಾತುಗಳೇ ಹೆಚ್ಚು ಕಣ್ಣಿಗೆ ಬೀಳುತ್ತವೆ. ಬೆಳಗಿನ ಜಾವ ಕತ್ತಲಲ್ಲಿ ಎದ್ದು ಹೊರಟದ್ದು, ಮೆಟ್ಟಿಲ ಮೇಲೆ ಕಾದು ಕೂತದ್ದು, ಎಷ್ಟು ಉಜ್ಜಿದರೂ ತಲೆಯಿಂದ ಹೋಗದ ಹರಳೆಣ್ಣೆಯ ಜಿಡ್ಡು, ಗುರುಗಳ ಹೆಂಡತಿ ಕೊಟ್ಟ ಕಾಫಿ. ಇದೆಲ್ಲ ಪ್ರವಾಸಿಗಳ ಬೆರಗು, ಯೋಗಕ್ಕೂ ಇದಕ್ಕೂ ಏನು ಸಂಬಂಧ ಎಂದು ಮೂಗು ಮುರಿಯುವವರು ನಮ್ಮೂರಲ್ಲೇ ಇದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಪಟ್ಟಾಭಿ ಜೋಯಿಸರು ಲಕ್ಷ್ಮೀಪುರದಲ್ಲಿ ನಡೆಸಿದ ಆ ಶಾಲೆ ಮೊದಲಿಗೆ ಒಂದು ಮನೆ. ಪಾಠದ ಹೊತ್ತು, ರಜೆ, ಶಿಸ್ತು, ಯಾರು ಯಾವಾಗ ಒಳಗೆ ಬರಬೇಕು, ಯಾರ ಮಾತು ಕೊನೆಯ ಮಾತು, ಎಲ್ಲವೂ ಆ ಮನೆಯ ಕ್ರಮದಿಂದಲೇ ಹುಟ್ಟಿದವು. ಬಂದವರು ನೆನಪಿಟ್ಟುಕೊಂಡದ್ದರಲ್ಲಿ ಪಾಠವೂ ಸೇರಿಯೇ ಇದೆ. ಈ ಸ್ಮರಣ ಸಂಚಿಕೆಗೆ ಶಾಲೆಯ ಇತಿಹಾಸ ಬರೆಯುವಾಗ ಕಟ್ಟಡ, ಇಸವಿ, ಗುರುಗಳ ಪಟ್ಟಿಯಷ್ಟೇ ಸಾಲದು ಅನ್ನಿಸಿದ್ದು ಅದಕ್ಕೇ.

ಕಥೆಯ ಮೊದಲ ಭಾಗ ನಡೆದದ್ದು ಮಾತ್ರ ಅರಮನೆಯಲ್ಲಿ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಗೆ ಜಾಗ ಮಾಡಿಕೊಟ್ಟು ತಿರುಮಲೈ ಕೃಷ್ಣಮಾಚಾರ್ಯರನ್ನು ಅದರ ಗುರುಗಳಾಗಿ ನಿಲ್ಲಿಸಿದರು. ಚಿತ್ರದುರ್ಗದ ಸೀಮೆಯಲ್ಲಿ 1888ರಲ್ಲಿ ಹುಟ್ಟಿದ ಆಚಾರ್ಯರು ಅದಕ್ಕೆ ಮೊದಲೇ ಊರೂರು ಸುತ್ತಿ ಯೋಗದ ಪ್ರದರ್ಶನ, ಭಾಷಣ ಮಾಡುತ್ತಿದ್ದವರು. ಶಾಲೆಯ ವಿದ್ಯಾರ್ಥಿಗಳಲ್ಲಿ ಅರಸು ಮನೆತನಗಳ ಹುಡುಗರೇ ಹೆಚ್ಚು. ಅದೇ ಅರಮನೆಯ ಇನ್ನೊಂದು ಕಡೆ ಕೆ.ವಿ. ಅಯ್ಯರ್ ಅವರ ಶಿಷ್ಯರೊಬ್ಬರು ವ್ಯಾಯಾಮ ಶಾಲೆ ನಡೆಸುತ್ತಿದ್ದರು. ಹೌದು, ‘ಶಾಂತಲಾ’ ಬರೆದ ಅಯ್ಯರ್ ಅವರೇ. ಕನ್ನಡದ ಓದುಗರಿಗೆ ಕಾದಂಬರಿಕಾರರಾಗಿ ಗೊತ್ತಿರುವ ಅವರು ಬೆಂಗಳೂರಿನಲ್ಲಿ ಅಂಗಸಾಧನೆಗೆ ಹೆಸರಾದವರು, ಸೂರ್ಯನಮಸ್ಕಾರದ ಮೇಲೂ ಪುಸ್ತಕ ಬರೆದವರು. ಒಂದು ಕಡೆ ಆಸನ, ಮತ್ತೊಂದು ಕಡೆ ಭಾರ ಎತ್ತುವುದು. ಅಂದಿನ ಮೈಸೂರಿನಲ್ಲಿ ಇವೆರಡೂ ಒಂದೇ ಸೂರಿನಡಿ ನಡೆಯುವುದರಲ್ಲಿ ಯಾರಿಗೂ ವಿಚಿತ್ರ ಕಂಡಿರಲಿಕ್ಕಿಲ್ಲ.

ಅರಮನೆಯ ಯೋಗಶಾಲೆಗೆ ಬಂದವರಲ್ಲಿ ಹೆಚ್ಚಿನವರು ನೋಡಲು ಬಂದವರು. ಮಹಾರಾಜರ ಅತಿಥಿಗಳಿಗೆ, ಸಮ್ಮೇಳನಕ್ಕೆ ಬಂದ ಪ್ರತಿನಿಧಿಗಳಿಗೆ ಹುಡುಗರಿಂದ ಆಸನಗಳ ಪ್ರದರ್ಶನ ಏರ್ಪಡಿಸುವುದು ಶಾಲೆಯ ಕೆಲಸದ ಒಂದು ಮುಖ್ಯ ಭಾಗವೇ ಆಗಿತ್ತು. ಫ್ರಾನ್ಸಿನ ಹೃದ್ರೋಗ ತಜ್ಞೆ ಥೆರೇಸ್ ಬ್ರೋಸ್ 1935ರಲ್ಲಿ ಭಾರತಕ್ಕೆ ಬಂದಾಗ ಹೃದಯದ ಬಡಿತ ದಾಖಲಿಸುವ ಯಂತ್ರವನ್ನು ಜೊತೆಗೇ ಹೊತ್ತು ತಂದಿದ್ದರು. ಅವರು ಪರೀಕ್ಷಿಸಿದ ಯೋಗಿಗಳಲ್ಲಿ ಕೃಷ್ಣಮಾಚಾರ್ಯರೂ ಒಬ್ಬರು. ಬಡಿತವನ್ನೇ ತಡೆಹಿಡಿಯಬಲ್ಲರು ಎಂಬ ಮಾತು ಅಲ್ಲಿಂದ ಬಹಳ ದೂರ ಹೋಯಿತು. ಎದೆಯ ಸ್ನಾಯುಗಳನ್ನು ಬಿಗಿಹಿಡಿದು ಉಸಿರು ಕಟ್ಟಿದಾಗ ಯಂತ್ರದ ಗೆರೆ ಸಣ್ಣದಾಗುತ್ತದೆ, ಹೃದಯವೇನೂ ನಿಲ್ಲುವುದಿಲ್ಲ ಎಂದು ಮುಂದಿನ ಸಂಶೋಧಕರು ಹೇಳಿದ್ದು ಅಷ್ಟು ದೂರ ಹೋಗಲಿಲ್ಲ. ನೋಡಲು ಬಂದವರ ನೆನಪುಗಳ ಹಣೆಬರಹವೇ ಇಷ್ಟು, ಚಮತ್ಕಾರ ಉಳಿಯುತ್ತದೆ, ವಿವರಣೆ ಉಳಿಯುವುದಿಲ್ಲ.

ಕಲಿಯಲೆಂದೇ ಬಂದು, ಬೇಡವೆನ್ನಿಸಿಕೊಂಡು, ಮತ್ತೆ ಕಾಡಿಬೇಡಿ ಒಳಗೆ ಹೋದ ಮೊದಲ ಪರದೇಶಿ ಹೆಂಗಸು ಇಂದ್ರಾದೇವಿ. ಹುಟ್ಟುಹೆಸರು ಯೂಜೀನಿ ಪೀಟರ್ಸನ್, ಹುಟ್ಟೂರು ರೀಗಾ, ಗಂಡ ಜೆಕೊಸ್ಲೊವಾಕಿಯಾದ ರಾಜತಾಂತ್ರಿಕ ಕಚೇರಿಯಲ್ಲಿದ್ದವರು. 1937ರಲ್ಲಿ ಆಕೆ ಕೇಳಿಕೊಂಡಾಗ ಆಚಾರ್ಯರು ಆಗುವುದಿಲ್ಲ ಎಂದರು. ಹೆಂಗಸು, ಅದರಲ್ಲೂ ಬಿಳಿಯಳು. ಮಹಾರಾಜರು ನಡುವೆ ಬಂದು ಹೇಳಿದ ಮೇಲೆ ಒಪ್ಪಿದರೂ ಪಥ್ಯ ಎಷ್ಟು ಬಿಗಿಯಾಗಿ ಹಾಕಿದರೆಂದರೆ ಆಕೆ ತಾನಾಗಿಯೇ ಬಿಟ್ಟುಹೋಗಲಿ ಎಂಬ ಎಣಿಕೆ ಇದ್ದಂತಿತ್ತು. ನೆಲದಡಿ ಬೆಳೆಯುವ ತರಕಾರಿ ಕೂಡದು, ರಾತ್ರಿ ಬೇಗ ಮಲಗಬೇಕು. ನೆಲದಡಿಯ ತರಕಾರಿಯ ಮಾತು ಆಕೆಗೆ ಯೋಗದ ರಹಸ್ಯದ ಹಾಗೆ ಕಂಡಿರಬಹುದು. ಮೈಸೂರಿನ ಮಡಿವಂತರ ಅಡುಗೆಮನೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಮೂಲಂಗಿಗಳ ಗತಿ ಏನಿತ್ತು ಎಂದು ಬಲ್ಲವರಿಗೆ ಅದರಲ್ಲಿ ರಹಸ್ಯವೇನೂ ಇಲ್ಲ. ಆಕೆ ಬಿಟ್ಟುಹೋಗಲಿಲ್ಲ. ಕೊನೆಗೆ ಆಚಾರ್ಯರೇ ಪಾಠ ಹೇಳಲು ಆಕೆಗೆ ಅನುಮತಿ ಕೊಟ್ಟರು. ಆಕೆ ಶಾಂಘೈನಲ್ಲಿ, 1947ರ ಮೇಲೆ ಹಾಲಿವುಡ್‌ನಲ್ಲಿ ತರಗತಿ ತೆರೆದದ್ದು ಮೈಸೂರಿನ ಯೋಗ ಕಡಲು ದಾಟಿದ ಮೊದಲ ದೊಡ್ಡ ಹೆಜ್ಜೆ.

ಇದೇ ಹೊತ್ತಿಗೆ ಮೈಸೂರಿನಲ್ಲಿದ್ದ ಇನ್ನೊಬ್ಬ ‘ಹೊರಗಿನವ’ ಬೆಳ್ಳೂರಿನ ಹುಡುಗ, ಆಚಾರ್ಯರ ಹೆಂಡತಿಯ ತಮ್ಮ. 1934ರಲ್ಲಿ ಅಕ್ಕನ ಮನೆಗೆ ಬಂದ ಬಿ.ಕೆ.ಎಸ್. ಅಯ್ಯಂಗಾರ್ ಬಡಕಲು ಮೈಯವರು. ಭಾವನ ಸಿಟ್ಟು, ಮನೆಗೆಲಸ, ಸಾಕಷ್ಟು ಕಲಿಸದೆಯೇ ಅತಿಥಿಗಳ ಮುಂದೆ ಕಠಿಣ ಆಸನ ಹಾಕಿಸಿದ್ದು, ಇವನ್ನೆಲ್ಲ ಅವರು ಮುಂದೆ ಜೀವನಪೂರ್ತಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಇಂದ್ರಾದೇವಿಯ ನೆನಪಿನಲ್ಲಿ ಆಚಾರ್ಯರು ಕಟ್ಟುನಿಟ್ಟಾದರೂ ಕರುಣೆಯುಳ್ಳವರು. ಅಯ್ಯಂಗಾರರ ನೆನಪಿನಲ್ಲಿ ಭಯ ಹುಟ್ಟಿಸುವವರು. ಅರಮನೆಯ ಅತಿಥಿಗೆ ಸಿಕ್ಕ ಗುರು ಬೇರೆ, ಮನೆಯ ಹುಡುಗನಿಗೆ ಸಿಕ್ಕ ಗುರು ಬೇರೆ.

ಆ ವರ್ಷಗಳಲ್ಲಿ ಆಚಾರ್ಯರು ‘ಯೋಗ ಮಕರಂದ’ವನ್ನು ಕನ್ನಡದಲ್ಲಿ ಬರೆದರು, 1934ರಲ್ಲಿ ಅದು ಅಚ್ಚಾಯಿತು, 1941ರಲ್ಲಿ ‘ಯೋಗಾಸನಗಳು’ ಬಂತು. 1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಸ್ವಾತಂತ್ರ್ಯ ಬಂದು ಸರ್ಕಾರ ಬದಲಾದ ಮೇಲೆ, 1950ರಲ್ಲಿ, ಶಾಲೆ ಮುಚ್ಚಿತು. ಆಚಾರ್ಯರು ಮದರಾಸಿಗೆ ಹೋದರು. ಅರಮನೆಯ ಆಶ್ರಯದಲ್ಲಿ ಬೆಳೆದ ಎಷ್ಟೋ ವಿದ್ಯೆಗಳು ಆಗ ಮನೆಗಳಿಗೆ ಹೋಗಿ ಸೇರಿಕೊಂಡವು. ಸಂಗೀತಕ್ಕೆ ಆದದ್ದೇ ಯೋಗಕ್ಕೂ ಆಯಿತು.

ಆ ಮನೆ ಆಗಲೇ ತಯಾರಾಗಿತ್ತು. ಹಾಸನದ ಹತ್ತಿರದ ಕೌಶಿಕ ಗ್ರಾಮದ ಕೃಷ್ಣ ಪಟ್ಟಾಭಿ ಜೋಯಿಸರು 1927ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಹಾಸನದ ಜ್ಯೂಬಿಲಿ ಹಾಲಿನಲ್ಲಿ ಕೃಷ್ಣಮಾಚಾರ್ಯರ ಪ್ರದರ್ಶನ ನೋಡಿ ಮರುಳಾದವರು. ಮುಂದೆ ಮನೆಯಲ್ಲಿ ಹೇಳದೆ ಮೈಸೂರಿಗೆ ಬಂದು ಸಂಸ್ಕೃತ ಪಾಠಶಾಲೆ ಸೇರಿದರು, 1937ರಿಂದ ಅಲ್ಲಿಯೇ ಯೋಗದ ಪಾಠ ಹೇಳಿದರು. 1948ರಲ್ಲಿ ಲಕ್ಷ್ಮೀಪುರದ ತಮ್ಮ ಮನೆಯಲ್ಲಿ ಅಷ್ಟಾಂಗ ಯೋಗ ಸಂಶೋಧನಾ ಸಂಸ್ಥೆ ತೆರೆದರು. ಸಂಶೋಧನೆ ಎಂದರೆ ಪ್ರಯೋಗಾಲಯದ ಮಾತಲ್ಲ. ಯಾವ ಕಾಯಿಲೆಗೆ ಯಾವ ಆಸನ ಒಗ್ಗುತ್ತದೆ ಎಂದು ನೋಡುವುದು. ಸಕ್ಕರೆ ಕಾಯಿಲೆ, ಉಬ್ಬಸ, ಸೊಂಟನೋವು ಎಂದು ಊರಿನವರು ಬರುತ್ತಿದ್ದರು. ಕೆಲಸಕ್ಕೆ ಹೋಗುವ ಮುನ್ನ ಬಂದು ಮಾಡಿ ಹೋಗುವವರು, ಸಂಜೆ ಬರುವವರು. ಮಗಳು ಸರಸ್ವತಿಯವರು ಮುಂದೆ ಊರಿನ ಹೆಂಗಸರಿಗೆ ಕಲಿಸತೊಡಗಿದರು. ಪರದೇಶದವರ ಪುಸ್ತಕಗಳಲ್ಲಿ ಈ ಮಂದಿ ಸಾಮಾನ್ಯವಾಗಿ ಕಾಣಿಸುವುದೇ ಇಲ್ಲ.

1964ರಲ್ಲಿ ಜೋಯಿಸರು ಮನೆಯ ಹಿಂಭಾಗಕ್ಕೆ ಒಂದು ಅಭ್ಯಾಸದ ಕೋಣೆ ಕಟ್ಟಿಸಿದರು. ಸುಮಾರು ಹನ್ನೆರಡು ಜನ ಹಿಡಿಸುವಷ್ಟು ಜಾಗ. ಅದೇ ವರ್ಷ ಬೆಲ್ಜಿಯಂನ ಆಂದ್ರೆ ವಾನ್ ಲಿಸೆಬೆತ್ ಬಂದು ಕಲಿತರು. ಆಮೇಲೆ ಬರೆದ ಪುಸ್ತಕದಲ್ಲಿ ಜೋಯಿಸರ ಹೆಸರನ್ನೂ ವಿಳಾಸವನ್ನೂ ಹಾಕಿದರು. ಯುರೋಪಿನ ಯಾವುದೋ ಊರಿನಲ್ಲಿ ಆ ವಿಳಾಸ ಓದಿ ಲಕ್ಷ್ಮೀಪುರದ ಬಾಗಿಲು ತಟ್ಟುವವರು ಒಬ್ಬೊಬ್ಬರಾಗಿ ಶುರುವಾದರು. ಅಮೆರಿಕನ್ನರು ಬಂದದ್ದು ಬೇರೆ ದಾರಿಯಲ್ಲಿ. 1970ರ ದಶಕದ ಆರಂಭದಲ್ಲಿ ಜೋಯಿಸರ ಮಗ ಮಂಜು ಪುದುಚೇರಿಯ ಆಶ್ರಮವೊಂದರಲ್ಲಿ ಆಸನ ಮಾಡಿ ತೋರಿಸಿದ್ದನ್ನು ನೋಡಿದ ಕೆಲವರು, ಇದನ್ನು ಎಲ್ಲಿ ಕಲಿತೆ ಎಂದು ಕೇಳಿದರು. ಮೈಸೂರಿನಲ್ಲಿ, ಅಪ್ಪನ ಹತ್ತಿರ. ನಾರ್ಮನ್ ಅಲೆನ್ ಬಂದರು. 1973ರಲ್ಲಿ ಡೇವಿಡ್ ವಿಲಿಯಮ್ಸ್, ನ್ಯಾನ್ಸಿ ಗಿಲ್ಗಾಫ್ ಬಂದರು. ಜೋಯಿಸರು ಸಂಸ್ಕೃತ ಕಾಲೇಜಿನಿಂದ ನಿವೃತ್ತರಾದದ್ದೂ ಅದೇ 1973ರಲ್ಲಿ. ಬೇರೆಯವರು ಮೊಮ್ಮಕ್ಕಳನ್ನು ಆಡಿಸುತ್ತ ಕೂರುವ ಹೊತ್ತಿಗೆ ಅವರ ಎರಡನೆಯ ಉದ್ಯೋಗ ಶುರುವಾಯಿತು.

ಗಿಲ್ಗಾಫ್ ಅವರ ನೆನಪು ಆ ಕಾಲದ ಪಾಠದ ರೀತಿಗೆ ಒಳ್ಳೆಯ ಸಾಕ್ಷಿ. ಬಂದಾಗ ಅವರ ಮೈಯಲ್ಲಿ ತ್ರಾಣ ಇರಲಿಲ್ಲ, ತಲೆನೋವಿನ ಕಾಟ ಬೇರೆ. ಮೊದಮೊದಲು ಗುರುಗಳೇ ಮೈಯನ್ನು ಎತ್ತಿ, ಮಡಿಸಿ, ತಿರುಗಿಸಿ ಒಂದೊಂದು ಆಸನವನ್ನೂ ದಾಟಿಸಿದರಂತೆ. ದಿನಕ್ಕೆ ಎರಡು ಹೊತ್ತು ಅಭ್ಯಾಸ. ತಿಂಗಳುಗಳು ಉರುಳಿದ ಮೇಲೆ ಆಕೆ ತನ್ನ ಕಾಲ ಮೇಲೆ ತಾನು ನಿಂತು ಎಲ್ಲವನ್ನೂ ಮಾಡತೊಡಗಿದರು, ಮುಂದೆ ಹವಾಯಿಯಲ್ಲಿ ದಶಕಗಳ ಕಾಲ ಕಲಿಸಿದರು. ಇಲ್ಲಿ ಗಮನಿಸಬೇಕಾದದ್ದು ಮಾತಿನ ಕೊರತೆ. ಜೋಯಿಸರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಬಂದವರಿಗೆ ಕನ್ನಡ ಇಲ್ಲ. ಅವರ ‘ಯೋಗಮಾಲಾ’ 1962ರಲ್ಲೇ ಕನ್ನಡದಲ್ಲಿ ಅಚ್ಚಾಗಿತ್ತು. ಇಂಗ್ಲಿಷಿಗೆ ಬಂದದ್ದು 1999ರಲ್ಲಿ. ನಡುವಿನ ಮೂವತ್ತೇಳು ವರ್ಷ ಶಾಲೆಯ ಪಠ್ಯಪುಸ್ತಕ ಶಾಲೆಯ ಹೆಚ್ಚಿನ ವಿದ್ಯಾರ್ಥಿಗಳಿಗೆ ಓದಲಾಗದ ಪುಸ್ತಕವಾಗಿತ್ತು. ಪಕ್ಕದ ಬೀದಿಯ ಗುಮಾಸ್ತರು ನಾಲ್ಕಾಣೆಯ ಕುತೂಹಲದಿಂದ ತಿರುವಿಹಾಕಬಹುದಾದದ್ದನ್ನು ಸಾವಿರಾರು ಮೈಲಿ ದಾಟಿ ಬಂದವರು ಮೈಯಿಂದಲೇ ಕಲಿಯಬೇಕಾಯಿತು. ಕೈ ಮುಟ್ಟಿ ಕಲಿಸುವುದೇ ಆ ಶಾಲೆಯ ಭಾಷೆಯಾಯಿತು. ಇದರ ಇನ್ನೊಂದು ಮುಖಕ್ಕೆ ಮುಂದೆ ಬರುತ್ತೇನೆ.

ಆ ಕೋಣೆಯೊಳಗಿನ ಒಂದು ಬೆಳಗು ಹೇಗಿರುತ್ತಿತ್ತು ಎಂಬುದು ಹಲವರ ಮಾತುಗಳಿಂದ ಕಟ್ಟಿಕೊಳ್ಳಬಹುದು. ಕಿಟಕಿ ಮುಚ್ಚಿದೆ, ಗಾಜಿನ ಮೇಲೆ ಒಳಗಿನ ಬಿಸಿಗೆ ಹಬೆ ಕಟ್ಟಿ ನೀರು ಇಳಿಯುತ್ತಿದೆ. ಗೋಡೆಯ ಮೇಲೆ ದೇವರ ಪಟಗಳು, ಕೃಷ್ಣಮಾಚಾರ್ಯರ ಪಟ. ನೆಲದ ಮೇಲೆ ಒಂದರ ಅಂಚಿಗೆ ಒಂದು ತಾಗುವಂತೆ ಹತ್ತಿಯ ಜಮಖಾನಗಳು. ಕೈ ಚಾಚಿದರೆ ಪಕ್ಕದವರ ಮೂಗಿಗೆ ತಗಲುವಷ್ಟು ಒತ್ತು. ಎಲ್ಲರೂ ಒಂದೇ ಆಸನ ಮಾಡುತ್ತಿಲ್ಲ; ಒಬ್ಬರು ಸೂರ್ಯನಮಸ್ಕಾರದಲ್ಲಿದ್ದರೆ ಇನ್ನೊಬ್ಬರು ಬೆನ್ನು ಬಾಗಿಸುವ ಕೊನೆಯ ಹಂತದಲ್ಲಿದ್ದಾರೆ. ಕ್ರಮ ಮಾತ್ರ ಎಲ್ಲರಿಗೂ ಒಂದೇ, ಅದನ್ನು ಬಾಯಿಪಾಠ ಮಾಡಿಕೊಂಡಿರಬೇಕು. ಗುರುಗಳು ಒಬ್ಬೊಬ್ಬರ ಹತ್ತಿರ ಹೋಗಿ ಮೈಮೇಲೆ ಭಾರ ಹಾಕಿ ಒತ್ತುತ್ತಾರೆ, ಎಳೆಯುತ್ತಾರೆ, ಒಂದು ಆಸನ ಕೂತ ಮೇಲೆಯೇ ಮುಂದಿನದನ್ನು ಕೊಡುತ್ತಾರೆ. ಕೊಡುವುದು ಎಂದೇ ಅಲ್ಲಿನವರ ಮಾತು; ಆಸನ ಗುರುಗಳಿಂದ ಸಿಗಬೇಕು, ತಾನಾಗಿ ತೆಗೆದುಕೊಳ್ಳುವಂತಿಲ್ಲ. ಮರೀಚ್ಯಾಸನದ ಹತ್ತಿರವೇ ವಾರಗಟ್ಟಲೆ ನಿಂತುಹೋದವರು ಎಷ್ಟೋ ಜನ. ಒಬ್ಬರ ಮುಖ್ಯ ಅಭ್ಯಾಸ ಮುಗಿದರೆ ಅವರು ಮಹಡಿಗೆ ಹೋಗಿ ಕೊನೆಯ ಆಸನಗಳನ್ನು ಮಾಡಿಕೊಳ್ಳಬೇಕು. ಆ ಜಾಗಕ್ಕೆ ಮೆಟ್ಟಿಲ ಮೇಲೆ ಕೂತವರಲ್ಲಿ ಮುಂದಿನವರು.

ಮೆಟ್ಟಿಲ ಮೇಲಿನ ಈ ಕಾಯುವಿಕೆ ಬಂದವರ ನೆನಪಿನಲ್ಲಿ ದೊಡ್ಡ ಜಾಗ ಹಿಡಿದಿದೆ. 1990ರ ದಶಕದಲ್ಲಿ ಜನ ಹೆಚ್ಚಾದಾಗ ಗಂಟೆಗಟ್ಟಲೆ ಕೂತದ್ದುಂಟು. ಮೈಲಾರಿ ಹೋಟೆಲಿನಲ್ಲಿ ದೋಸೆ ತಿನ್ನುತ್ತಿರುವವರ ಬೆನ್ನ ಹಿಂದೆ ನಿಂತು, ಅವರ ಕೊನೆಯ ತುತ್ತಿನ ಮೇಲೆ ಕಣ್ಣಿಟ್ಟು ಕಾದ ಮೈಸೂರಿಗರಿಗೆ ಇದೇನೂ ಹೊಸದಲ್ಲ. ಆದರೆ ಹೊತ್ತಿಗೆ ಸರಿಯಾಗಿ ಬಂದು, ಹೊತ್ತಿಗೆ ಸರಿಯಾಗಿ ಮುಗಿಸಿ ಹೊರಡುವ ನಾಡಿನಿಂದ ಬಂದವರಿಗೆ ಅದೇ ಒಂದು ಅಭ್ಯಾಸವಾಯಿತು. ಕೂತಲ್ಲಿಂದ ಒಳಗಿನವರ ಉಸಿರಾಟ ಕೇಳುತ್ತದೆ. ಕಣ್ಣಿಗೆ ಬೀಳುವಷ್ಟನ್ನು ನೋಡಿ ಕಲಿಯುವುದೂ ಆಗುತ್ತದೆ. ಇವತ್ತು ಲಂಡನ್ನಿನಲ್ಲೋ ಹೆಲ್ಸಿಂಕಿಯಲ್ಲೋ ಟೋಕಿಯೋದಲ್ಲೋ ಯೋಗ ಸ್ಟುಡಿಯೋದ ವೇಳಾಪಟ್ಟಿಯಲ್ಲಿ ‘ಮೈಸೂರು’ ಎಂದು ಬರೆದಿದ್ದರೆ, ಗುರು ಎಲ್ಲರಿಗೂ ಒಟ್ಟಿಗೆ ಹೇಳಿಕೊಡದೆ ಪ್ರತಿಯೊಬ್ಬರೂ ತಮ್ಮ ಗತಿಯಲ್ಲಿ ಮಾಡುವ ತರಗತಿ ಎಂದರ್ಥ. ಪಾಠದ ಈ ರೀತಿಗೆ ಶಾಸ್ತ್ರದ ಆಧಾರ ಹುಡುಕುವವರು ಹುಡುಕಲಿ. ಹನ್ನೆರಡು ಜನರ ಕೋಣೆಗೆ ನಲವತ್ತು ಜನ ಬಂದಾಗ ಬೇರೆ ಹೇಗೆ ಕಲಿಸಲು ಸಾಧ್ಯವಿತ್ತು ಎಂಬ ಪ್ರಶ್ನೆಯನ್ನೂ ಅದರ ಜೊತೆಗೆ ಇಟ್ಟುಕೊಳ್ಳಬೇಕು.

ರಜೆಯ ಲೆಕ್ಕವೂ ಮನೆಯದೇ. ಅಮಾವಾಸ್ಯೆ, ಹುಣ್ಣಿಮೆಗೆ ಶಾಲೆ ಇಲ್ಲ. ಚಂದ್ರನ ಸೆಳೆತ, ಮೈಯ ನೀರು ಎಂದು ಪರದೇಶದ ಶಿಷ್ಯರು ಇದಕ್ಕೆ ಪುಟಗಟ್ಟಲೆ ವ್ಯಾಖ್ಯಾನ ಬರೆದಿದ್ದಾರೆ. ಸಂಸ್ಕೃತ ಪಾಠಶಾಲೆಗಳಲ್ಲಿ ಆ ದಿನಗಳು ಅನಧ್ಯಯನ, ಪಾಠ ನಡೆಯುವುದಿಲ್ಲ. ಜೀವಮಾನದ ಬಹುಭಾಗ ಅಲ್ಲಿಯೇ ಕಳೆದ ವಿದ್ವಾಂಸರು ತಮ್ಮ ಮನೆಯ ಶಾಲೆಗೂ ಅದೇ ಪಂಚಾಂಗ ಹಾಕಿಕೊಂಡರು ಎಂದರೆ ನನಗೆ ಸಾಕೆನ್ನಿಸುತ್ತದೆ. ಶನಿವಾರ ಎಣ್ಣೆಸ್ನಾನ. ಗಂಡಸರಿಗೆ ಶನಿವಾರ, ಹೆಂಗಸರಿಗೆ ಮಂಗಳವಾರ ಶುಕ್ರವಾರ ಎಂಬ ಹಳೆಯ ಕ್ರಮವನ್ನು ಜೋಯಿಸರು ಜರ್ಮನಿ, ಆಸ್ಟ್ರೇಲಿಯಾದವರಿಗೂ ಹೇಳುತ್ತಿದ್ದರು. ಎಣ್ಣೆ ಎಂದರೆ ಹರಳೆಣ್ಣೆ. ಮೊದಲ ಸಲ ಸ್ವಲ್ಪ ಹೊತ್ತು ಬಿಡಬೇಕು, ಬರಬರುತ್ತ ಹೊತ್ತು ಹೆಚ್ಚಿಸಬೇಕು, ಬಿಸಿನೀರು ಹುಯ್ದುಕೊಂಡ ಮೇಲೆ ಬಿಸಿಲಿಗೆ ಹೋಗಬಾರದು. ಹೇಳಿದ್ದನ್ನು ಕೇಳದೆ ಮೊದಲ ದಿನವೇ ಗಂಟೆಗಟ್ಟಲೆ ಬಿಟ್ಟುಕೊಂಡು ಮೈ ಸುಸ್ತಾಗಿ ಮಲಗಿದವರ ಕಥೆಗಳಿವೆ. ದೇವರಾಜ ಮಾರುಕಟ್ಟೆಯಲ್ಲಿ ಸೀಗೆಪುಡಿ ಕೇಳುವ ಬಿಳಿಯರನ್ನು ಕಂಡರೆ ಅಂಗಡಿಯವರಿಗೆ ಅವರು ಯಾರ ಶಿಷ್ಯರೆಂದು ಬೇರೆ ಹೇಳಬೇಕಾಗಿರಲಿಲ್ಲ.

ತಿಂಗಳ ಮೂರು ದಿನ ಹೆಂಗಸರು ಶಾಲೆಗೆ ಬರುವಂತಿಲ್ಲ ಎಂಬುದೂ ಮನೆಯ ನಿಯಮವೇ. ಅದಕ್ಕೆ ಶಾಲೆಯ ಮಾತು ‘ಲೇಡೀಸ್ ಹಾಲಿಡೇ’. ಕೆಲವರಿಗೆ ಅದು ಬೇಕಾದ ವಿಶ್ರಾಂತಿ. ಕೆಲವರು, ನನ್ನ ಮೈಯ ವಿಷಯ ನನಗೆ ಗೊತ್ತು ಎಂದು ಒಳಗೊಳಗೇ ಗೊಣಗಿದರು. ಗುರುಗಳ ಹೆಂಡತಿ ಸಾವಿತ್ರಮ್ಮನವರು ಎಲ್ಲರಿಗೂ ಅಮ್ಮ. ಅಭ್ಯಾಸ ಮುಗಿಸಿ ಬಂದವರಿಗೆ ಅವರು ಕೊಡುತ್ತಿದ್ದ ಕಾಫಿಯನ್ನು ನೆನೆಯದ ಹಳೆಯ ಶಿಷ್ಯರಿಲ್ಲ. 1997ರಲ್ಲಿ ಅವರು ತೀರಿಕೊಂಡ ಮೇಲೆ ಆ ಮನೆ ಮೊದಲಿನಂತೆ ಇರಲಿಲ್ಲ ಎಂದು ಹಲವರು ಹೇಳಿದ್ದಾರೆ. ಸಂಸ್ಥೆಯ ಇತಿಹಾಸಗಳಲ್ಲಿ ಇಂಥ ಹೆಂಗಸರಿಗೆ ಸಿಗುವುದು ಒಂದು ಸಾಲು. ಇಲ್ಲಿಯೂ ನಾನು ಅದಕ್ಕಿಂತ ಹೆಚ್ಚು ಕೊಡಲು ಆಗದಿರುವುದು ಅವರ ಬಗ್ಗೆ ಕನ್ನಡದಲ್ಲಿ ಯಾರೂ ಕೂತು ಬರೆದಿಡದ ಕಾರಣಕ್ಕೆ.

1975ರಲ್ಲಿ ಜೋಯಿಸರು ಮಗನೊಂದಿಗೆ ಕ್ಯಾಲಿಫೋರ್ನಿಯಾದ ಎನ್ಸಿನಿಟಾಸ್‌ಗೆ ಹೋಗಿ ಬಂದರು. ಆಮೇಲಿನ ಎರಡು ದಶಕ ಹೋಗುವುದು, ಬರುವುದು, ನಿಧಾನವಾಗಿ ಹೆಚ್ಚುವುದು. 1998ರಲ್ಲಿ ಮಡೋನಾ ತನ್ನ ಆಲ್ಬಂ ಒಂದರಲ್ಲಿ, ಶಾಲೆಯಲ್ಲಿ ಅಭ್ಯಾಸಕ್ಕೆ ಮೊದಲು ಹೇಳುವ ‘ಯೋಗತಾರಾವಳಿ’ಯ ಶ್ಲೋಕವನ್ನೇ ಹಾಡಿನೊಳಗೆ ಸೇರಿಸಿಕೊಂಡರು. ಲಕ್ಷ್ಮೀಪುರದ ಮೆಟ್ಟಿಲು ಆ ಹೊತ್ತಿಗೆ ಜನರನ್ನು ಹಿಡಿಸದಾಗಿತ್ತು. 2002ರಲ್ಲಿ ಗೋಕುಲಂನಲ್ಲಿ ದೊಡ್ಡ ಶಾಲೆ ಎದ್ದಿತು.

ಗೋಕುಲಂ ಅದಕ್ಕೆ ಮೊದಲು ನಿವೃತ್ತರ, ಮರಗಿಡಗಳ ಬಡಾವಣೆ. ಕೆಲವೇ ವರ್ಷಗಳಲ್ಲಿ ಮನೆಗಳ ಮಹಡಿಗಳಿಗೆಲ್ಲ ಬಾಡಿಗೆದಾರರು ಬಂದರು, ಬಾಡಿಗೆಗೆ ಸ್ಕೂಟರ್ ಸಿಗುವ ಅಂಗಡಿಗಳು ಬಂದವು, ತಿಂಡಿ ಕೊಡುವ ಮನೆಗಳು ಬಂದವು. ಶಾಲೆಗೆ ಹತ್ತಿರದ ಎಳನೀರಿನ ಅಂಗಡಿ ಎಂಟು ಗಂಟೆಯ ಹೊತ್ತಿಗೆ ಸಭೆಯಂತಾಗುತ್ತಿತ್ತು. ಬೆವರು ಆರದ ಮೈ, ಕಂಕುಳಲ್ಲಿ ಸುರುಳಿ ಸುತ್ತಿದ ಜಮಖಾನ, ರಸ್ತೆಯ ಅಂಚಿನಲ್ಲೇ ಕುಕ್ಕುರುಗಾಲಲ್ಲಿ ಕೂತ ಜಪಾನಿ, ಬ್ರೆಜಿಲ್, ಫಿನ್‌ಲೆಂಡಿನ ಮಂದಿ. ಮಚ್ಚಿನಿಂದ ನಾಲ್ಕು ಪೆಟ್ಟು ಕೊಟ್ಟು ಕಾಯಿಯ ತಲೆ ಹಾರಿಸುತ್ತ ಅಂಗಡಿಯವರು ಕೇಳುತ್ತಿದ್ದ ‘ನೀರಾ, ಗಂಜಿನಾ?’ ಎಂಬ ಪ್ರಶ್ನೆಗೆ ಎಲ್ಲ ದೇಶದವರೂ ಉತ್ತರ ಕೊಡಬಲ್ಲವರಾಗಿದ್ದರು. ಯಾರಿಗೆ ಹೊಸ ಆಸನ ಸಿಕ್ಕಿತು, ಯಾರಿಗೆ ಮಂಡಿ ನೋವು, ಯಾರು ಮನೆ ಖಾಲಿ ಮಾಡುತ್ತಿದ್ದಾರೆ ಎಂಬ ಸುದ್ದಿಯೆಲ್ಲ ಅಲ್ಲಿಯೇ ಕೈಬದಲಾಗುತ್ತಿತ್ತು. ಲಕ್ಷ್ಮೀಪುರದಲ್ಲಿ ಅಮ್ಮನ ಕಾಫಿ ಮಾಡುತ್ತಿದ್ದ ಕೆಲಸವನ್ನು ಗೋಕುಲಂನಲ್ಲಿ ರಸ್ತೆ ಬದಿಯ ಎಳನೀರು ವಹಿಸಿಕೊಂಡಿತು. ಆತಿಥ್ಯ ಮನೆಯಿಂದ ಬೀದಿಗೆ ಬಂತು.

ಒಳಗೆ ಕ್ರಮ ಹಳೆಯದೇ, ಅಳತೆ ಬೇರೆ. ನೋಂದಣಿ, ಕನಿಷ್ಠ ತಿಂಗಳ ಶುಲ್ಕ, ವೀಸಾದ ಕಾಗದ, ಪ್ರತಿಯೊಬ್ಬರಿಗೂ ಗೊತ್ತುಮಾಡಿದ ಹೊತ್ತು. ಆ ಹೊತ್ತಾದರೂ ‘ಶಾಲೆಯ ಹೊತ್ತು’. ಅಲ್ಲಿನ ಗಡಿಯಾರ ಊರಿನ ಗಡಿಯಾರಕ್ಕಿಂತ ಸುಮಾರು ಹದಿನೈದು ನಿಮಿಷ ಮುಂದೆ ಓಡುತ್ತಿತ್ತು. ನಾಲ್ಕೂವರೆ ಎಂದರೆ ನಾಲ್ಕೂಕಾಲು ಎಂದು ತಿಳಿಯದೆ ಮೊದಲ ದಿನ ಬಾಗಿಲಲ್ಲಿ ಪೆಚ್ಚಾಗಿ ನಿಂತವರು ಬಹಳ. ಮೆಟ್ಟಿಲ ಬದಲು ಮುಂದಿನ ಕೋಣೆಯಲ್ಲಿ ಕಾಯುವುದು. ಒಳಗಿನಿಂದ ‘ಒನ್ ಮೋರ್’ ಎಂಬ ಕೂಗು ಬಂದಾಗ ಒಬ್ಬರು ಏಳುವುದು. ವಾರಕ್ಕೊಂದೆರಡು ದಿನ ಗುರುಗಳೇ ಸಂಸ್ಕೃತದಲ್ಲಿ ಎಣಿಸುತ್ತ ಎಲ್ಲರಿಂದ ಒಟ್ಟಿಗೆ ಮಾಡಿಸುವ ತರಗತಿ. ಏಕಂ ಎಂದಾಗ ಉಸಿರು ಒಳಗೆ, ದ್ವೇ ಎಂದಾಗ ಹೊರಗೆ. ಎಣಿಕೆಯ ನಡುವೆ ಗುರುಗಳು ಬೇಕೆಂದೇ ತಡೆದು ನಿಂತರೆ ತೊಡೆ ನಡುಗುತ್ತ ನೂರು ಮಂದಿ ಮುಂದಿನ ಅಂಕಿಗೆ ಕಾಯುತ್ತಿದ್ದರು. ವಯಸ್ಸಾದ ಜೋಯಿಸರ ಜೊತೆಗೆ ಮೊಮ್ಮಗ ಶರತ್ ಕಲಿಸುತ್ತಿದ್ದರು. 2009ರ ಮೇ 18ರಂದು ಜೋಯಿಸರು ತೀರಿಕೊಂಡರು. ಮರುವರ್ಷ ಅವರ ಶಿಷ್ಯರ ಸಂದರ್ಶನಗಳ ದೊಡ್ಡ ಇಂಗ್ಲಿಷ್ ಸಂಪುಟವೇ ಬಂತು.

ಆ ಸಂಪುಟದಲ್ಲಿ ಇಲ್ಲದ ನೆನಪುಗಳೂ ಇವೆ. ಆಸನ ಹೊಂದಿಸುವ ನೆಪದಲ್ಲಿ ಗುರುಗಳು ತಮ್ಮ ಮೈಯನ್ನು ಲೈಂಗಿಕವಾಗಿ ಮುಟ್ಟಿದರು ಎಂದು ಹಲವು ಮಹಿಳೆಯರು ಮುಂದೆ ಬಂದು ಹೆಸರು ಹೇಳಿಯೇ ಬರೆದರು. 2017ರ ಕೊನೆಯಿಂದ ಆ ದನಿಗಳು ಹೆಚ್ಚಾದವು. 2019ರಲ್ಲಿ ಶರತ್ ಜೋಯಿಸ್ ಸಾರ್ವಜನಿಕವಾಗಿ ವಿಷಾದ ವ್ಯಕ್ತಪಡಿಸಿ ಕ್ಷಮೆ ಕೇಳಿದರು. ಸ್ಮರಣ ಸಂಚಿಕೆಯಲ್ಲಿ ಇದು ಬೇಕೆ ಎಂದು ಕೇಳುವವರಿರಬಹುದು. ಬಂದವರ ಅನುಭವ ಎಂದು ತಲೆಬರಹ ಹಾಕಿ ಕಾಫಿಯನ್ನೂ ಎಳನೀರನ್ನೂ ಬರೆದು ಇದನ್ನು ಬಿಟ್ಟರೆ ಅದು ಬಂದವರ ಅನುಭವ ಆಗುವುದಿಲ್ಲ, ನಮಗೆ ಒಗ್ಗುವ ಅನುಭವ ಆಗುತ್ತದೆ. ಮನೆಯಂತಿರುವ ಶಾಲೆಗೆ ದೂರು ಪುಸ್ತಕ ಇರುವುದಿಲ್ಲ. ಆಸನ ಗುರು ಕೊಟ್ಟರೆ ಮಾತ್ರ ಸಿಗುವುದು, ಭಾಷೆ ಗೊತ್ತಿಲ್ಲ, ಊರಲ್ಲಿ ಬೇರೆ ಯಾರ ಪರಿಚಯವೂ ಇಲ್ಲ, ಸುತ್ತಲಿನವರೆಲ್ಲ ಭಕ್ತಿಯಿಂದ ನೋಡುತ್ತಿದ್ದಾರೆ. ಅಂಥ ಕೋಣೆಯಲ್ಲಿ ಬೇಡ ಎನ್ನುವುದು ಎಷ್ಟು ಕಷ್ಟ ಎಂದು ಆ ಮಹಿಳೆಯರು ವಿವರಿಸಿದ್ದಾರೆ. ಕೆಲವರು ಮತ್ತೆ ಮತ್ತೆ ಮೈಸೂರಿಗೆ ಬಂದದ್ದೂ ಉಂಟು. ಹಾಗೆ ಬಂದದ್ದನ್ನೇ ಅವರ ಮೇಲೆ ತಿರುಗಿಸಿ ವಾದಿಸುವುದು ಸಲ್ಲದು. ಈಗ ಹಲವು ದೇಶಗಳ ಸ್ಟುಡಿಯೋಗಳಲ್ಲಿ, ಮುಟ್ಟಬಹುದೇ ಎಂದು ಮೊದಲೇ ಕೇಳುವ ಪದ್ಧತಿ ಬಂದಿದೆ. ಕೆಲವೆಡೆ ಬೇಕು, ಬೇಡ ಎಂದು ತಿಳಿ‌ಸುವ ಸಣ್ಣ ಬಿಲ್ಲೆಯನ್ನು ಚಾಪೆಯ ಮೇಲೆ ಇಟ್ಟುಕೊಳ್ಳುತ್ತಾರೆ.

ಶರತ್ 2019ರಲ್ಲಿ ತಮ್ಮದೇ ಹೆಸರಿನ ಕೇಂದ್ರ ತೆರೆದರು. ಮರುವರ್ಷ ಕೊರೋನಾ ಬಂದು ಪರದೇಶದವರು ಸಿಕ್ಕ ವಿಮಾನ ಹತ್ತಿದರು. ಗೋಕುಲಂನ ಮಹಡಿ ಮನೆಗಳಿಗೆ ‘ಬಾಡಿಗೆಗಿದೆ’ ಬೋರ್ಡು ಬಿತ್ತು. ಆಮೇಲೆ ಜನ ಮರಳಿದರು. 2022ರ ಯೋಗ ದಿನಕ್ಕೆ ಪ್ರಧಾನಿಯವರೇ ಮೈಸೂರು ಅರಮನೆಯ ಮುಂದೆ ಸಾವಿರಾರು ಜನರೊಂದಿಗೆ ಆಸನ ಹಾಕಿದರು. 2024ರ ನವೆಂಬರ್ 11ರಂದು ಅಮೆರಿಕದ ವರ್ಜೀನಿಯಾದಲ್ಲಿ ಶರತ್ ಹಠಾತ್ತನೆ ತೀರಿಕೊಂಡರು, ವಯಸ್ಸು ಐವತ್ತಮೂರು. ಅಷ್ಟರಲ್ಲಿ ಮೈಸೂರಿನಲ್ಲಿ ಯೋಗಶಾಲೆ ಎಂದರೆ ಒಂದೇ ಮನೆ ಎನ್ನುವ ಸ್ಥಿತಿ ಉಳಿದಿರಲಿಲ್ಲ. ಕೃಷ್ಣಮಾಚಾರ್ಯರನ್ನೂ ಕಂಡಿದ್ದ ಬಿ.ಎನ್.ಎಸ್. ಅಯ್ಯಂಗಾರರು ಜಗನ್ಮೋಹನ ಅರಮನೆಯ ಪಕ್ಕದ ಪರಕಾಲ ಮಠದಲ್ಲಿ ಎಷ್ಟೋ ವರ್ಷ ಪಾಠ ಹೇಳಿದರು. ಬೇರೆ ಬೇರೆ ಬಡಾವಣೆಗಳಲ್ಲಿ ಹತ್ತಾರು ಶಾಲೆಗಳಿವೆ, ಬೆಳಗ್ಗೆ ಪರದೇಶದವರಿಗೆ, ಸಂಜೆ ಊರಿನವರಿಗೆ.

ಈ ಊರಿನವರ ಮಾತು ಎಲ್ಲಿದೆ ಎಂಬುದೇ ನನ್ನ ಪ್ರಶ್ನೆ. ಪರದೇಶದಿಂದ ಬಂದವರು ತಮ್ಮ ನೆನಪುಗಳನ್ನು ಪುಸ್ತಕ ಮಾಡಿದ್ದಾರೆ, ಚಿತ್ರ ತೆಗೆದಿದ್ದಾರೆ, ತಕರಾರನ್ನೂ ಬರೆದಿದ್ದಾರೆ. ಸಕ್ಕರೆ ಕಾಯಿಲೆಗೆಂದು 1960ರ ದಶಕದಲ್ಲಿ ಲಕ್ಷ್ಮೀಪುರಕ್ಕೆ ಹೋಗುತ್ತಿದ್ದ ಗುಮಾಸ್ತರು ಏನು ಕಲಿತರು, ಗುಣವಾಯಿತೇ, ಬಿಟ್ಟದ್ದು ಏಕೆ? ಸರಸ್ವತಿಯವರ ಹತ್ತಿರ ಕಲಿತ ಗೃಹಿಣಿಯರು ಸೀರೆಯಲ್ಲಿ ಬರುತ್ತಿದ್ದರೋ, ಚೂಡಿದಾರದಲ್ಲೋ? ಮಹಡಿ ಬಾಡಿಗೆಗೆ ಕೊಟ್ಟ ಗೋಕುಲಂನ ಮನೆಯೊಡತಿಯರು ಇಪ್ಪತ್ತು ವರ್ಷ ಯಾರ್‍ಯಾರನ್ನು ಕಂಡರು? ಜಗನ್ಮೋಹನದಲ್ಲಿ ಕಲಿತ ಅರಸು ಹುಡುಗರ ಮಕ್ಕಳ ಹತ್ತಿರ ಹಳೆಯ ಫೋಟೋಗಳಿರಬಹುದು. ಎಳನೀರಿನ ಅಂಗಡಿಯವರಿಗೆ ಗೊತ್ತಿರುವಷ್ಟು ಯಾವ ಸಂಶೋಧಕರಿಗೂ ಗೊತ್ತಿಲ್ಲ. ಸಂಚಿಕೆಯ ಮುಂದಿನ ಸಂಪುಟಕ್ಕೆ ಸಂಪಾದಕರು ಒಬ್ಬಿಬ್ಬರು ಹುಡುಗ ಹುಡುಗಿಯರ ಕೈಗೆ ಧ್ವನಿಮುದ್ರಣದ ಯಂತ್ರ ಕೊಟ್ಟು ಈ ಬೀದಿಗಳಿಗೆ ಕಳಿಸಲಿ. ಲಕ್ಷ್ಮೀಪುರದ ಹಿರಿಯರಿಂದ ಶುರುಮಾಡಬೇಕು, ಅವರಿಗೆ ಈಗಾಗಲೇ ಎಂಬತ್ತು ದಾಟಿದೆ.